ಮಂತ್ರಿ 'ಪರಿಶೀಲಿಸುತ್ತೇವೆ' ಅಂದ ಮೇಲೆ

ಧಾರವಾಡ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಪಾರ್ಲಿಮೆಂಟ್ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಗದ್ದಲ, ಅಲ್ವಾ? ಸರ್ಕಾರದ ಕಿವಿ ಹಿಂಡುವ ಕೆಲಸ ಹೆಚ್ಚಾಗಿ ನಡೆಯುವುದು ಸದ್ದಿಲ್ಲದ ಕಡೆ. ಇವತ್ತು ಅದರ ಬಗ್ಗೆ ಮಾತಾಡೋಣ.

ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವನ್ನೇ ತಗೊಳ್ಳಿ. ನಮ್ಮ ಭಾಗದವರು ಎಷ್ಟು ವರ್ಷದಿಂದ ಅದರ ದಾರಿ ಕಾಯುತ್ತಿದ್ದೇವೆ! ಒಬ್ಬ ಸಂಸದರು ಲೋಕಸಭೆಯಲ್ಲಿ ಈ ಪ್ರಶ್ನೆ ಎತ್ತುತ್ತಾರೆ ಅಂದುಕೊಳ್ಳಿ. ಪ್ರಶ್ನೆಯನ್ನು ಮೊದಲೇ ಬರೆದು ಕೊಟ್ಟಿರಬೇಕು. ದಿನಕ್ಕೆ 20 ಪ್ರಶ್ನೆಗೆ ಮಾತ್ರ ಚುಕ್ಕೆ ಗುರುತು. ಅವಕ್ಕೆ ಮಂತ್ರಿಗಳು ಸದನದಲ್ಲೇ ಎದ್ದು ನಿಂತು ಉತ್ತರಿಸಬೇಕು. ಇನ್ನು 230 ಪ್ರಶ್ನೆಗಳಿಗೆ ಲಿಖಿತ ಉತ್ತರ. ಚುಕ್ಕೆ ಪ್ರಶ್ನೆಯ ತಾಕತ್ತು ಇರುವುದು ಉಪಪ್ರಶ್ನೆಯಲ್ಲಿ, ಅಂದರೆ ಉತ್ತರ ಬಂದ ಮೇಲೆ ಅಲ್ಲೇ ಕೇಳುವ ಮರುಪ್ರಶ್ನೆಯಲ್ಲಿ. ಮೊದಲ ಉತ್ತರವನ್ನು ಅಧಿಕಾರಿಗಳು ಬರೆದು ಕೊಟ್ಟಿರುತ್ತಾರೆ. ಉಪಪ್ರಶ್ನೆ ಬಂದಾಗ ಮಂತ್ರಿಗೆ ತನ್ನ ಇಲಾಖೆ ಎಷ್ಟು ಗೊತ್ತು ಅನ್ನುವುದು ಬಯಲಾಗುತ್ತದೆ.

1957ರಲ್ಲಿ ಜೀವ ವಿಮಾ ನಿಗಮದ ದುಡ್ಡು ಹರಿದಾಸ್ ಮುಂದ್ರಾ ಅವರ ಕಂಪನಿಗಳಿಗೆ ಹೋದದ್ದನ್ನು ಲೋಕಸಭೆಯಲ್ಲಿ ಕೆದಕಿದವರು ಫಿರೋಜ್ ಗಾಂಧಿ. ಅವರು ಆಳುವ ಪಕ್ಷದವರೇ, ಪ್ರಧಾನಿ ನೆಹರೂ ಅವರ ಅಳಿಯ ಬೇರೆ. ಆದರೂ ಬಿಡಲಿಲ್ಲ. ಮರುವರ್ಷ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು. ಪ್ರಶ್ನೆ ಕೇಳುವುದು ವಿರೋಧ ಪಕ್ಷದ ಕೆಲಸ ಮಾತ್ರ ಅಂತ ನಾವು ತಿಳಿದುಕೊಂಡಿರುವುದು ನನಗೆ ಬೇಸರದ ಸಂಗತಿ.

ಸರಿ, ನಮ್ಮ ರೈಲಿನ ಪ್ರಶ್ನೆಗೆ ಮಂತ್ರಿಗಳು 'ಪರಿಶೀಲಿಸುತ್ತೇವೆ' ಅಂದರು. ಕೇಳಿದವರು ಸುಮ್ನೆ ಕೂತರು. ಕಥೆ ಮುಗಿಯಿತಾ? ಇಲ್ಲ. ಸದನದಲ್ಲಿ ಆಡಿದ ಅಂಥ ಮಾತು ಭರವಸೆ ಅಂತ ದಾಖಲಾಗುತ್ತದೆ. ಅದನ್ನು ಮೂರು ತಿಂಗಳೊಳಗೆ ಈಡೇರಿಸಬೇಕು ಅನ್ನುವುದು ನಿಯಮ. ಆಗದಿದ್ದರೆ ಹೆಚ್ಚಿನ ಕಾಲಾವಕಾಶ ಕೇಳಬೇಕು. ಇದರ ಮೇಲೆ ಕಣ್ಣಿಡಲು 1953ರಿಂದಲೂ ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಮಂತ್ರಿಯಾದವರು ಇದರ ಸದಸ್ಯರಾಗುವಂತಿಲ್ಲ. ಸಮಿತಿ ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು, ಯಾಕೆ ತಡವಾಯಿತು ಅಂತ ಕೇಳುತ್ತದೆ. ಪೇಪರಿನಲ್ಲಿ ಇದು ಸುದ್ದಿಯಾಗುವುದು ಕಡಿಮೆ. ನನ್ನ ಮಟ್ಟಿಗೆ ಇದು ಸದನದ ಭಾಷಣಗಳಿಗಿಂತ ದೊಡ್ಡ ಕೆಲಸ.

ಖರ್ಚಿನ ಲೆಕ್ಕ ನೋಡಲು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದೆ. 1967ರಿಂದ ಅದರ ಅಧ್ಯಕ್ಷರು ವಿರೋಧ ಪಕ್ಷದವರು.

ಸಂಸದರು ಕೇಳಿದ ಪ್ರಶ್ನೆ, ಸಿಕ್ಕ ಉತ್ತರ ಎಲ್ಲವೂ ಸಂಸತ್ತಿನ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತವೆ. ಮೊಬೈಲಿನಲ್ಲೇ ನೋಡಬಹುದು. ನಿಮ್ಮ ಸಂಸದರು ಮಂತ್ರಿಯಾಗಿದ್ದರೆ ಅವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಆಗ ಅವರ ಉತ್ತರಗಳನ್ನು ಓದಿ. 'ಪರಿಶೀಲನೆಯಲ್ಲಿದೆ' ಅನ್ನುವ ಮಾತು ಕಂಡರೆ ತಾರೀಖು ಬರೆದಿಟ್ಟುಕೊಳ್ಳಿ. ಅವರು ಊರಿಗೆ ಬಂದಾಗ, ಆ ಭರವಸೆ ಏನಾಯಿತು ಸಾಹೇಬ್ರೆ ಅಂತ ತಾರೀಖಿನ ಸಮೇತ ಕೇಳಿ.

ನಮಸ್ಕಾರ.