ಬಿಳಿ ಪರದೆಯ ಮೇಲೆ ಒಂದು ಹೆಸರು, ಎರಡು ಇಸವಿ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಲು ಬಂದಿರುವುದು ‘ಸಿಕ್ಸ್ ಫೀಟ್ ಅಂಡರ್’ ಸರಣಿಯ ಕೊನೆಯ ಕಂತಿನ ಬಗ್ಗೆ. ಕೊನೆಯಲ್ಲಿ ಏನಾಗುತ್ತದೆ ಅಂತ ಹೇಳದೆ ಈ ಮಾತು ಆಡುವುದಕ್ಕೆ ಆಗುವುದಿಲ್ಲ. ಇನ್ನೂ ನೋಡದವರು, ಮುಂದೆ ನೋಡಬೇಕು ಅಂದುಕೊಂಡಿರುವವರು ಈಗಲೇ ಎದ್ದು ಹೋದರೆ ನನಗೆ ಖಂಡಿತ ಬೇಜಾರಿಲ್ಲ. ಆ ಕೊನೆಯನ್ನು ಮೊದಲ ಸಲ ನೋಡುವ ಅವಕಾಶ ಒಮ್ಮೆ ಮಾತ್ರ ಸಿಗುತ್ತದೆ. ಅದನ್ನು ನಾನು ಕಿತ್ತುಕೊಳ್ಳಬಾರದು.

ನೋಡಿ ಜಾಸ್ತಿ ದಿನ ಆಗಿರುವವರಿಗೆ ಸ್ವಲ್ಪ ನೆನಪು ಮಾಡುತ್ತೇನೆ. ಸರಣಿ ಶುರುವಾಗಿದ್ದು 2001ರ ಜೂನ್ 3ಕ್ಕೆ, ಎಚ್‌ಬಿಒ ಚಾನೆಲ್‌ನಲ್ಲಿ. ಮುಗಿದಿದ್ದು 2005ರ ಆಗಸ್ಟ್ 21ಕ್ಕೆ. ಐದು ಸೀಸನ್, 63 ಕಂತು. ರೂಪಿಸಿದವರು ಅಲನ್ ಬಾಲ್. ಮೊದಲ ಕಂತನ್ನೂ ಕೊನೆಯ ಕಂತನ್ನೂ ಬರೆದು ನಿರ್ದೇಶಿಸಿದ್ದು ಅವರೇ. ಲಾಸ್ ಏಂಜಲೀಸ್‌ನ ಒಂದು ಮನೆ. ಮೇಲೆ ಫಿಷರ್ ಕುಟುಂಬದ ಸಂಸಾರ, ಕೆಳಗೆ ಅವರ ಫ್ಯೂನರಲ್ ಹೋಮ್. ತಾಯಿ ರೂತ್, ಮಕ್ಕಳು ನೇಟ್, ಡೇವಿಡ್, ಕ್ಲೇರ್. ಸತ್ತವರನ್ನು ತೊಳೆದು, ಬಟ್ಟೆ ತೊಡಿಸಿ, ಮುಖ ಸರಿಮಾಡಿ ಬೀಳ್ಕೊಡುವುದು ಇವರ ಹೊಟ್ಟೆಪಾಡು.

ಸರಣಿಗೆ ಒಂದು ಕಟ್ಟುನಿಟ್ಟಾದ ಪದ್ಧತಿ ಇತ್ತು. ಹೆಚ್ಚುಕಮ್ಮಿ ಪ್ರತಿ ಕಂತೂ ಒಂದು ಸಾವಿನಿಂದಲೇ ಶುರು. ಯಾರೋ ಒಬ್ಬರು ಬರುತ್ತಾರೆ, ಒಂದೆರಡು ನಿಮಿಷ ಇರುತ್ತಾರೆ, ಸಾಯುತ್ತಾರೆ. ಪರದೆ ಪೂರ್ತಿ ಬೆಳ್ಳಗಾಗುತ್ತದೆ. ಅದರ ಮೇಲೆ ಅವರ ಹೆಸರು, ಹುಟ್ಟಿದ ಇಸವಿ, ಸತ್ತ ಇಸವಿ. ಆಮೇಲೆ ಆ ದೇಹ ಫಿಷರ್ ಮನೆಯ ಕೆಳಗಿನ ಮೇಜಿನ ಮೇಲೆ ಬಂದು ಮಲಗುತ್ತದೆ. ಮೊದಲ ಕಂತಿನಲ್ಲಿ ಹಾಗೆ ಹೋಗುವುದು ಆ ಮನೆಯ ಯಜಮಾನನೇ. ಹೊಸದಾಗಿ ತಂದ ಹೆಣದ ಗಾಡಿ ಓಡಿಸಿಕೊಂಡು ಬರುವಾಗ ಬಸ್ಸು ಗುದ್ದುತ್ತದೆ.

ನಾವು ಈ ಸಾವುಗಳಿಗೆ ಬೇಗ ಒಗ್ಗಿಕೊಂಡೆವು. ಅಲ್ವಾ? ಬೇಕರಿಯಲ್ಲಿ ಹಿಟ್ಟು ಕಲೆಸುವ ದೊಡ್ಡ ಯಂತ್ರಕ್ಕೆ ಸಿಕ್ಕಿ ಸತ್ತವನೊಬ್ಬ. ಆಕಾಶದಲ್ಲಿ ತೇಲುತ್ತಿರುವ ಗ್ಯಾಸ್ ತುಂಬಿದ ಗೊಂಬೆಗಳನ್ನು ನೋಡಿ, ದೇವರು ತನ್ನವರನ್ನು ಮೇಲಕ್ಕೆ ಕರೆಸಿಕೊಳ್ಳುತ್ತಿದ್ದಾನೆ ಅಂತ ಭಕ್ತಿಯಿಂದ ರಸ್ತೆಗೆ ಓಡಿ ಕಾರಿಗೆ ಸಿಕ್ಕವಳೊಬ್ಬಳು. ನಗು ಬರುತ್ತಿತ್ತು. ಈ ವಾರ ಯಾರು, ಹೇಗೆ ಅಂತ ಊಹೆ ಮಾಡುತ್ತಾ ಕೂರುತ್ತಿದ್ದೆವು. ಅವರು ನಮಗೆ ಯಾರೂ ಅಲ್ಲ. ಕಥೆ ಶುರುವಾಗುವುದು ಅವರಾದ ಮೇಲೆ.

ಈಗ ಕೊನೆಯ ಕಂತಿಗೆ ಬರೋಣ. ಅದು ಸಾವಿನಿಂದ ಶುರುವಾಗುವುದಿಲ್ಲ. ನೇಟ್‌ನ ಮಗಳು ವಿಲ್ಲಾ ದಿನ ತುಂಬುವ ಮೊದಲೇ ಹುಟ್ಟುತ್ತಾಳೆ, ಬಿಳಿ ಪರದೆಯ ಮೇಲೆ ಆ ಕೂಸಿನ ಹೆಸರು ಬರುತ್ತದೆ. ನೇಟ್ ಆಗಲೇ ಇಲ್ಲ. ಅವನನ್ನು ಇನ್ನೂ ಮೂರು ಕಂತು ಬಾಕಿ ಇರುವಾಗಲೇ ಕಳೆದುಕೊಂಡಿದ್ದೇವೆ. ಸರಣಿಯ ನಡುಗಂಬದಂತಿದ್ದ ಪಾತ್ರವನ್ನು ಕೊನೆಯ ತನಕ ಕಾಯದೆ ತೆಗೆದದ್ದು ತುಂಬ ಧೈರ್ಯದ ಕೆಲಸ. ಅವನಿಲ್ಲದ ಮನೆಯಲ್ಲಿ ಉಳಿದವರು ಹೇಗೆ ಒದ್ದಾಡುತ್ತಾರೆ ಅನ್ನುವುದಕ್ಕೆ ಜಾಗ ಸಿಕ್ಕಿದ್ದು ಅದರಿಂದಲೇ.

ಕ್ಲೇರ್ ನ್ಯೂಯಾರ್ಕ್‌ಗೆ ಹೊರಡುತ್ತಾಳೆ. ಬರುತ್ತದೆ ಅಂದುಕೊಂಡಿದ್ದ ಕೆಲಸ ಕೈತಪ್ಪಿದೆ, ಆದರೂ ಹೊರಡುತ್ತಾಳೆ. ಹೊರಡುವ ಮೊದಲು ಮನೆಯವರನ್ನೆಲ್ಲ ನಿಲ್ಲಿಸಿ ಫೋಟೋ ತೆಗೆಯುತ್ತಾಳೆ. ಪಕ್ಕದಲ್ಲಿ ಸತ್ತ ಅಣ್ಣ ನೇಟ್ ನಿಂತಿದ್ದಾನೆ. ಇದನ್ನು ಫೋಟೋದಲ್ಲಿ ಹಿಡಿಯಲು ಆಗುವುದಿಲ್ಲ, ಇದು ಆಗಲೇ ಕಳೆದುಹೋಯಿತು ಅನ್ನುವ ಅರ್ಥದ ಮಾತು ಅವನ ಬಾಯಲ್ಲಿ. ಅವಳು ಕಾರು ಹತ್ತುತ್ತಾಳೆ. ಹಿಂದಿನದು ಕಾಣುವ ಕನ್ನಡಿಯಲ್ಲಿ ನೇಟ್ ಓಡಿ ಬರುತ್ತಿರುತ್ತಾನೆ, ಹಿಂದೆ ಉಳಿಯುತ್ತಾನೆ. ಸಿಯಾ ಹಾಡಿರುವ ‘ಬ್ರೀದ್ ಮಿ’ ಶುರುವಾಗುತ್ತದೆ. ಅಲ್ಲಿಂದ ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ.

ಆಮೇಲೆ ಬರುವುದು ಮುಂದಿನ ಎಂಬತ್ತು ವರ್ಷ. ಮಗುವಿನ ಹುಟ್ಟುಹಬ್ಬ, ಡೇವಿಡ್ ಮತ್ತು ಕೀತ್ ಮದುವೆ, ಅದರ ನಡುನಡುವೆ ಒಬ್ಬೊಬ್ಬರ ಸಾವು. ಈ ಕಂತು ಬಂದಾಗ ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಗಂಡಸರು ಮದುವೆಯಾಗಲು ಕಾನೂನು ಬಿಡುತ್ತಿರಲಿಲ್ಲ. 2008ರಲ್ಲಿ ಕೆಲವು ತಿಂಗಳು ಬಿಟ್ಟಿತು, ಮತ್ತೆ ನಿಂತಿತು, 2013ರಿಂದ ನೆಲೆಯಾಯಿತು. ಸರಣಿ ಆ ಮದುವೆಯನ್ನು ದೊಡ್ಡ ಸುದ್ದಿ ಮಾಡದೆ ಸುಮ್ನೆ ತೋರಿಸಿತ್ತು. ಅದು ನನಗೆ ತುಂಬ ಇಷ್ಟ.

ರೂತ್ 2025ರಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ. ಕೀತ್ 2029ರಲ್ಲಿ ದರೋಡೆಕೋರರ ಗುಂಡಿಗೆ. ಫಿಷರ್‌ಗಳ ಜೊತೆ ಕೆಲಸ ಮಾಡುತ್ತಿದ್ದ ಫೆಡೆರಿಕೋ 2049ರಲ್ಲಿ, ಹೆಂಡತಿಯ ಜೊತೆ ಹಡಗಿನಲ್ಲಿ ಪ್ರವಾಸ ಹೋದಾಗ. ನೇಟ್‌ನ ಹೆಂಡತಿ ಬ್ರೆಂಡಾ 2051ರಲ್ಲಿ, ತಮ್ಮ ಬಿಲ್ಲಿ ಬಿಡದೆ ಮಾತಾಡುತ್ತಿರುವಾಗಲೇ. ಅಳುತ್ತಿದ್ದವರಿಗೂ ಅಲ್ಲಿ ನಗು ಬಂದುಬಿಡುತ್ತದೆ.

ಡೇವಿಡ್‌ನದನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. 2044. ಹೊರಗೆ ಹುಲ್ಲಿನ ಮೇಲೆ ಎಲ್ಲರೂ ಊಟಕ್ಕೆ ಸೇರಿದ್ದಾರೆ. ಮುದುಕ ಡೇವಿಡ್ ತಲೆ ಎತ್ತಿ ನೋಡುತ್ತಾನೆ. ದೂರದಲ್ಲಿ ಕೀತ್ ಚೆಂಡು ಹಿಡಿಯುತ್ತಿದ್ದಾನೆ. ಹದಿನೈದು ವರ್ಷದ ಹಿಂದೆ ಸತ್ತ ಕೀತ್, ಅದೂ ಹರೆಯದ ಕೀತ್. ಅವನು ಡೇವಿಡ್ ಕಡೆ ತಿರುಗಿ ನಗುತ್ತಾನೆ. ಡೇವಿಡ್ ಮುಖದಲ್ಲಿ ಆಗ ಕಾಣುವುದು ಭಯ ಅಲ್ಲ, ಗುರುತು. ಸರಣಿಯ ಉದ್ದಕ್ಕೂ ಎಲ್ಲದಕ್ಕೂ ಹೆದರುತ್ತಾ ಬಂದ ಮನುಷ್ಯ ಅವನು. ಮುಪ್ಪಿನ ಮೇಕಪ್ ಅಲ್ಲಲ್ಲಿ ಕಳಪೆ ಅಂತ ಹೇಳುವವರಿದ್ದಾರೆ. ಒಪ್ಪುತ್ತೇನೆ. ಆದರೆ ಡೇವಿಡ್ ಪಾತ್ರ ಮಾಡಿದ ಮೈಕಲ್ ಸಿ. ಹಾಲ್ ಅವರ ಕಣ್ಣನ್ನು ಯಾವ ಮೇಕಪ್ಪೂ ಮುಚ್ಚಲಿಲ್ಲ.

ಪ್ರತಿಯೊಬ್ಬರಾದ ಮೇಲೂ ಅದೇ ಬಿಳಿ ಪರದೆ. ಅದೇ ಹೆಸರು, ಅದೇ ಎರಡು ಇಸವಿ. ಕೊನೆಯಲ್ಲಿ ಕ್ಲೇರ್. 1983ರಿಂದ 2085. ಹಾಸಿಗೆಯ ಮೇಲೆ ಅಜ್ಜಿ, ಸುತ್ತ ಗೋಡೆ ತುಂಬ ಫೋಟೋಗಳು.

ಅಭಿಮಾನಿಗಳಲ್ಲಿ ಒಂದು ತಕರಾರು ಇದೆ. ಹೀಗೆ ಎಲ್ಲವನ್ನೂ ತೋರಿಸಿ ಗಂಟು ಕಟ್ಟಿಬಿಟ್ಟರೆ ನೋಡುವವರಿಗೆ ಊಹಿಸಲು ಏನು ಉಳಿಯಿತು ಅಂತ. ಎರಡು ವರ್ಷದ ನಂತರ, 2007ರಲ್ಲಿ, ಅದೇ ಚಾನೆಲ್‌ನಲ್ಲಿ ‘ದಿ ಸೊಪ್ರಾನೋಸ್’ ಮುಗಿಯಿತು. ಅಲ್ಲಿ ಪೂರ್ತಿ ಉಲ್ಟಾ. ಊಟದ ಮೇಜಿನ ಮುಂದೆ ಕೂತ ಕಥಾನಾಯಕ ತಲೆ ಎತ್ತುತ್ತಾನೆ, ಪರದೆ ಕಪ್ಪಾಗುತ್ತದೆ, ಅಷ್ಟೇ. ಅವನು ಸತ್ತನಾ ಬದುಕಿದನಾ ಅಂತ ಜನ ಇವತ್ತಿಗೂ ಜಗಳ ಆಡುತ್ತಾರೆ. ಆ ಕೊನೆಗೂ ನನಗೆ ಗೌರವ ಇದೆ. ಆದರೆ ಫಿಷರ್ ಮನೆಯ ಕಥೆಗೆ ಅದು ಹೊಂದುತ್ತಿರಲಿಲ್ಲ. ಪ್ರತಿ ವಾರ ಬೇರೆಯವರ ಎರಡೂ ಇಸವಿ ತೋರಿಸಿ, ತನ್ನವರ ಸರದಿ ಬಂದಾಗ ಮಾತ್ರ ಎರಡನೆಯದನ್ನು ಮುಚ್ಚಿಟ್ಟಿದ್ದರೆ ಅದು ಮೋಸ ಆಗುತ್ತಿತ್ತು.

ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂತ ಬಂದಿದ್ದು ಇದರ ಮುಂದಿನದು. ಆ ಕೊನೆ ನೋಡಿದ ಮೇಲೆ ಸರಣಿಯನ್ನು ಮೊದಲಿಂದ ಮತ್ತೆ ನೋಡಿ. ಏನೋ ಬದಲಾಗಿರುತ್ತದೆ. ಹಿಂದೆ ನಗಿಸಿದ್ದ, ಹೆಸರೂ ನೆನಪಿರದ ಆ ಒಂದೆರಡು ನಿಮಿಷದ ಜನ ಈಗ ಹಾಗೆ ಕಾಣುವುದಿಲ್ಲ. ಡೇವಿಡ್‌ಗೆ ಸಿಕ್ಕಿದ್ದೂ ಅವರಿಗೆ ಸಿಕ್ಕಷ್ಟೇ ಹೊತ್ತು. ನಾವು ಅತ್ತಿದ್ದು ಅವನ ಹಿಂದಿನ 62 ಕಂತು ನಮಗೆ ಗೊತ್ತಿದ್ದುದಕ್ಕೆ. ಹಾಗಾದರೆ ಬೇಕರಿಯವನ ಹಿಂದೆಯೂ ಅಷ್ಟು ಕಂತು ಇರಲೇಬೇಕಲ್ಲ. ನಾವು ನೋಡಲಿಲ್ಲ, ಅಷ್ಟೇ.

ಎರಡನೇ ಸೀಸನ್‌ನಲ್ಲಿ ಎಮಿಲಿ ಪ್ರೆವಿನ್ ಅನ್ನುವ ಹೆಂಗಸು ಬರುತ್ತಾಳೆ. ಮನೆಯಲ್ಲಿ ಒಬ್ಬಳೇ ಊಟ ಮಾಡುವಾಗ ತುತ್ತು ಗಂಟಲಿಗೆ ಸಿಕ್ಕಿ ಸಾಯುತ್ತಾಳೆ. ದೇಹ ಸಿಗುವುದು ಒಂದು ವಾರದ ನಂತರ. ಕೇಳಿಕೊಂಡು ಬರುವವರು ಯಾರೂ ಇಲ್ಲ. ರೂತ್‌ಗೆ ಇದನ್ನು ತಡೆದುಕೊಳ್ಳಲು ಆಗುವುದಿಲ್ಲ. ಆಗ ಅನೇಕರಿಗೆ ರೂತ್ ಅತಿ ಮಾಡುತ್ತಿದ್ದಾಳೆ ಅನ್ನಿಸಿತ್ತು. ಈಗ ನೋಡಿದರೆ, ನಾವು ಐದು ಸೀಸನ್ ತಗೊಂಡು ತಲುಪಿದ ಜಾಗದಲ್ಲಿ ಅವಳು ಆಗಲೇ ನಿಂತಿದ್ದಳು. ಗುರುತೇ ಇಲ್ಲದ ಹೆಂಗಸಿಗೆ ಅಳುವುದು ಅವಳಿಗೆ ಗೊತ್ತಿತ್ತು.

ಇನ್ನೊಂದು ವಿಷಯ. ಕೊನೆಯ ಕೆಲವು ನಿಮಿಷಗಳನ್ನಷ್ಟೇ ಕತ್ತರಿಸಿದ ವಿಡಿಯೋ ಎಲ್ಲ ಕಡೆ ಓಡಾಡುತ್ತದೆ. ಅದನ್ನು ಮಾತ್ರ ನೋಡಿ ‘ಚೆನ್ನಾಗಿದೆ’ ಅನ್ನುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ದಯವಿಟ್ಟು ಯಾರಿಗೂ ಅದನ್ನು ಕಳಿಸಬೇಡಿ. ಮೊದಲ ಕಂತು ಹಾಕಿಕೊಟ್ಟು ಜೊತೆಯಲ್ಲಿ ಕೂತುಕೊಳ್ಳಿ.

2005ರಲ್ಲಿ ನೋಡಿದವರಿಗೆ ರೂತ್‌ಳ 2025 ಎಲ್ಲೋ ದೂರದ ಇಸವಿ. ಅದು ಬಂದೇಬಿಟ್ಟಿತು. ಕೀತ್‌ನ 2029 ಇನ್ನೇನು ಬರುತ್ತದೆ. ಕಥೆಯೊಳಗಿನ ಕಾಲ ಹೀಗೆ ನಮ್ಮ ಕ್ಯಾಲೆಂಡರಿನೊಳಗೆ ಬರುತ್ತಿರುವ ಸರಣಿ ನನಗೆ ಇನ್ನೊಂದು ಗೊತ್ತಿಲ್ಲ.

ಸಾಯುವ ಮುಂಚೆ ನೇಟ್ ಬ್ರೆಂಡಾಳನ್ನು ಬಿಟ್ಟಿದ್ದು ಸರಿಯಾ, ಅವನ ಸಾವನ್ನು ಅಷ್ಟು ಬೇಗ ತರಬೇಕಿತ್ತಾ ಅನ್ನುವುದರಲ್ಲಿ ನಮ್ಮ ನಮ್ಮಲ್ಲೇ ಎರಡು ಪಕ್ಷ ಇದೆ. ಸಾವಿನ ವಿಷಯದಲ್ಲಿ ನನ್ನ ಪಕ್ಷ ಹೇಳಿಬಿಟ್ಟಿದ್ದೇನೆ. ಈಗ ಇನ್ನೊಂದು ಪಕ್ಷದವರಿಂದಲೇ ಶುರು ಮಾಡೋಣ. ಮೈಕು ಅವರ ಕಡೆ ಕೊಡಿ.