ಕೋಲಾರದವರೆಗೂ ಕಡಲ್ಗಳ್ಳರು!

ನಮಸ್ಕಾರ. ಫೋನಿನಲ್ಲಿ ಮ್ಯಾಪ್ ತೆಗೆದು ರೇಖಾಂಶ 78 ಡಿಗ್ರಿ ಎಲ್ಲಿದೆ ನೋಡಿ. ಬೆಂಗಳೂರು ದಾಟಿ, ಕೋಲಾರದ ಪಕ್ಕದಲ್ಲಿ ಹಾದುಹೋಗುತ್ತದೆ. 2010ರಲ್ಲಿ ಹಡಗು ಉದ್ಯಮದವರು ಸೊಮಾಲಿ ಕಡಲ್ಗಳ್ಳರ 'ಹೈ ರಿಸ್ಕ್ ಏರಿಯಾ'ವನ್ನು, ಅಂದರೆ ದಾಳಿಯ ಅಪಾಯ ಹೆಚ್ಚು ಅನ್ನುವ ಕಡಲಿನ ಗೆರೆಯನ್ನು, ಅಲ್ಲಿಯವರೆಗೂ ಎಳೆದರು. ಕೋಲಾರಕ್ಕೆ ಸಮುದ್ರ ಇಲ್ಲ, ಬಿಡಿ. ಆದರೆ ಕಾರವಾರ, ಮಲ್ಪೆ, ಮಂಗಳೂರಿನ ಕಡಲೆಲ್ಲ ಆ ಗೆರೆಯೊಳಗೆ ಬಿತ್ತು.

ಸುಮ್ನೆ ಹೆದರಿ ಹಾಗೆ ಮಾಡಿದರು ಅಂತಲ್ಲ. ಕಡಲ್ಗಳ್ಳರು ಮೀನಿನ ಬೋಟುಗಳನ್ನೇ ಕದ್ದು, ಅದರಲ್ಲೇ ಕೂತು ದೂರ ದೂರ ಬರುತ್ತಿದ್ದರು. 2011ರ ಮಾರ್ಚ್‌ನಲ್ಲಿ ನಮ್ಮ ನೌಕಾಪಡೆ ಅಂಥದ್ದೇ ಒಂದು ಮೊಜಾಂಬಿಕ್ ಬೋಟಿನಿಂದ 61 ಕಡಲ್ಗಳ್ಳರನ್ನು ಹಿಡಿಯಿತು. ಅಲ್ಲಿಗೆ, ದೊಡ್ಡ ಹಡಗಿನವರ ಕಣ್ಣಿಗೆ ಮೀನಿನ ಬೋಟು ಅಂದರೇನೇ ಅನುಮಾನ.

ಈಗ ಬೋಟಿನ ಕಡೆಯಿಂದ ನೋಡಿ. ಬಲೆ ಬಿಟ್ಟಾಗಿದೆ. ನೀರಿನಲ್ಲಿ ಅದು ಬಹಳ ದೂರ ಹರಡಿಕೊಂಡಿದೆ. ದೊಡ್ಡ ಹಡಗೊಂದು ನೇರ ಅದರ ಮೇಲೇ ಬರುತ್ತಿದೆ. ಬಲೆ ಹರಿದರೆ ಲಕ್ಷಗಟ್ಟಲೆ ಹೋಯಿತು. ತಾಂಡೇಲ, ಅಂದರೆ ಬೋಟು ನಡೆಸುವವನು, ಏನು ಮಾಡುತ್ತಾನೆ? ಬೋಟನ್ನು ಹಡಗಿನ ಕಡೆಗೇ ಓಡಿಸುತ್ತಾನೆ, ಕೈ ಬೀಸುತ್ತಾನೆ, ಕೂಗುತ್ತಾನೆ. ಕಡಲ್ಗಳ್ಳರ ಭಯಕ್ಕೆ ಹಡಗಿನ ಮೇಲೆ ಬಂದೂಕು ಹಿಡಿದು ಕಾವಲು ನಿಂತವನಿಗೆ ಅದು ದಾಳಿಯ ಹಾಗೇ ಕಾಣುತ್ತದೆ, ಅಲ್ವಾ?

2012ರ ಫೆಬ್ರವರಿ 15ರಂದು ಕೇರಳದ ಕಡಲಿನಲ್ಲಿ, ದಡದಿಂದ ಸುಮಾರು 20 ನಾಟಿಕಲ್ ಮೈಲಿ ದೂರದಲ್ಲಿ, 'ಸೇಂಟ್ ಆಂಟನಿ' ಬೋಟಿನ ಮೇಲೆ ಗುಂಡು ಬಿತ್ತು. ಹಾರಿಸಿದವರು 'ಎನ್ರಿಕಾ ಲೆಕ್ಸಿ' ಅನ್ನುವ ಟ್ಯಾಂಕರಿನಲ್ಲಿದ್ದ ಇಟಲಿಯ ನೌಕಾ ಸೈನಿಕರು. ಕಡಲ್ಗಳ್ಳರು ಅಂದುಕೊಂಡೆವು ಅಂದರು. ಇಬ್ಬರು ಮೀನುಗಾರರು ಸತ್ತರು.

ಆಮೇಲೆ ಎಂಟು ವರ್ಷ ಜಗಳ ನಡೆದದ್ದು ಯಾವುದರ ಬಗ್ಗೆ? ವಿಚಾರಣೆ ಯಾರು ಮಾಡಬೇಕು ಅನ್ನುವುದರ ಬಗ್ಗೆ. 12 ನಾಟಿಕಲ್ ಮೈಲಿಯೊಳಗೆ ಆಗಿದ್ದರೆ ಅದು ನಮ್ಮ ನೀರು, ಇಷ್ಟು ಎಳೆದಾಟ ಇರುತ್ತಿರಲಿಲ್ಲ. 2020ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ, ಸೈನಿಕರನ್ನು ಭಾರತ ವಿಚಾರಣೆ ಮಾಡುವಂತಿಲ್ಲ, ಇಟಲಿ ಪರಿಹಾರ ಕೊಡಲಿ ಅಂದಿತು. 10 ಕೋಟಿ ರೂಪಾಯಿ ಬಂತು, 2021ರಲ್ಲಿ ಸುಪ್ರೀಂ ಕೋರ್ಟ್ ಕೇಸು ಮುಗಿಸಿತು. ಆ ಗೆರೆ ಎಳೆದವರನ್ನು ಮಾತ್ರ ಈ ಕೇಸಿನಲ್ಲಿ ಯಾರೂ ಕೇಳಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

2015ರ ಕೊನೆಯಲ್ಲಿ ಗೆರೆ 65 ಡಿಗ್ರಿಗೆ ಹಿಂದೆ ಸರಿಯಿತು. 2023ರ ಜನವರಿಯಲ್ಲಿ ಪೂರ್ತಿ ಹೋಯಿತು. ಅದೇ ಡಿಸೆಂಬರಿನಲ್ಲಿ ಸೊಮಾಲಿಗಳು 'ರುಯೆನ್' ಹಡಗನ್ನು ಹಿಡಿದರು. ಮೂರು ತಿಂಗಳಾದ ಮೇಲೆ ನಮ್ಮ ನೌಕಾಪಡೆ ಅದನ್ನು ಬಿಡಿಸಿ, 35 ಕಡಲ್ಗಳ್ಳರನ್ನು ಮುಂಬೈಗೆ ತಂದಿತು.

ಹಾಗಾಗಿ ಮತ್ತೆ ಗೆರೆ ಎಳೆಯುವ ಮಾತು ಬರಬಹುದು. ಬರಲಿ. ಆ ಸಭೆಗೆ ಒಬ್ಬ ತಾಂಡೇಲನನ್ನೂ ಕರೆಯಿರಿ. ಬಲೆ ಎಲ್ಲಿವರೆಗೆ ಹೋಗಿದೆ ಅಂತ ಗೊತ್ತಿರುವುದು ಅವನಿಗೆ.