ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ಕೇಳುಗರಿಗೆ ನಮಸ್ಕಾರ.

ನಮ್ಮ ಹಾಸನ ಜಿಲ್ಲೆಯ ಎಷ್ಟೋ ಮನೆಗಳ ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಅವರು ಊರಿಗೆ ಹೊರಟರೆ ಅಪ್ಪ ಅಮ್ಮನಿಗೆ ನಿದ್ದೆ ಇಲ್ಲ. ವಿಮಾನ ಎಲ್ಲಿಗೆ ಬಂತು ಅಂತ ಮೊಬೈಲ್ ನಕ್ಷೆ ನೋಡುತ್ತಾ ಕೂರುತ್ತಾರೆ. ಅದು ಭಾರತದ ಕಡೆ ತಿರುಗುವ ಬದಲು ನೇರ ಉತ್ತರಕ್ಕೆ, ಹಿಮದ ನಾಡಿಗೆ ಹೋಗುತ್ತಿದ್ದರೆ ಗಾಬರಿ ಆಗುತ್ತದೆ, ಅಲ್ವಾ? ಗಾಬರಿ ಬೇಡ. ಅದು ದಾರಿ ತಪ್ಪಿಲ್ಲ, ಹತ್ತಿರದ ದಾರಿ ಹಿಡಿದಿದೆ.

ತಪ್ಪು ಇರುವುದು ಗೋಡೆಗೆ ತೂಗುಹಾಕುವ ನಕ್ಷೆಯಲ್ಲಿ. ಕಿತ್ತಳೆ ಸಿಪ್ಪೆಯನ್ನು ಮೇಜಿನ ಮೇಲೆ ಒತ್ತಿ ಚಪ್ಪಟೆ ಮಾಡಿದರೆ ಅಲ್ಲಲ್ಲಿ ಹರಿಯುತ್ತದೆ. ಭೂಮಿಯನ್ನು ಕಾಗದದ ಮೇಲೆ ಹರಿಯದಂತೆ ಹರಡಬೇಕಾದರೆ ಎಲ್ಲಾದರೂ ಹಿಗ್ಗಿಸಲೇಬೇಕು. ಆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಬೆಂಗಳೂರಿನಿಂದ ಪೂರ್ವಕ್ಕೆ, ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಗೆರೆ ಎಳೆದು, ಆ ಗೆರೆಯ ಮೇಲೇ ಹೋದರೆ 16,000 ಕಿಲೋಮೀಟರಿಗೂ ಜಾಸ್ತಿ ಆಗುತ್ತದೆ.

ಈಗ ಒಂದು ಗ್ಲೋಬ್, ಒಂದು ತುಂಡು ದಾರ ತೆಗೆದುಕೊಳ್ಳಿ. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದನ್ನು ಪೆಸಿಫಿಕ್ ಸಾಗರದ ಮೇಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಯ್ದು ಬಿಗಿಯಾಗಿ ಎಳೆಯಿರಿ. ದಾರ ಸಾಗರದ ಮೇಲೆ ನಿಲ್ಲುವುದಿಲ್ಲ. ಮೆಲ್ಲಗೆ ಮೇಲಕ್ಕೆ ಜಾರಿ ಟಿಬೆಟ್, ಸೈಬೀರಿಯಾ, ಅಲಾಸ್ಕಾ ಮೇಲೆ ಬಂದು ಕೂರುತ್ತದೆ. ಅದೇ ಅತಿ ಹತ್ತಿರದ ದಾರಿ. ಆ ದಾರವನ್ನು ಭೂಮಧ್ಯರೇಖೆಯ ಮೇಲಿಟ್ಟು ನೋಡಿ. ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಹಾಗಾದರೆ ನಮ್ಮ ದೂರ ಹತ್ತಿರಹತ್ತಿರ 14,000.

ಈ ಎರಡು ಊರುಗಳ ನಡುವೆ ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಉತ್ತರ ಧ್ರುವದ ಮೇಲಿಂದಲೇ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಅದನ್ನು ಹಾರಿಸಿದ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು. ಇದನ್ನು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಹೇಳಲೇಬೇಕು.

ಆದರೆ ಪೈಲಟ್‌ಗೆ ದೂರ ಒಂದೇ ಲೆಕ್ಕ ಅಲ್ಲ. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿಯ ಹೊಳೆಯೇ ಹರಿಯುತ್ತದೆ. ಅದಕ್ಕೆ ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಅಮೆರಿಕಕ್ಕೆ ಹೋಗುವಾಗ ಪೆಸಿಫಿಕ್ ದಾರಿ ಹಿಡಿದರೆ ಆ ಗಾಳಿ ಬೆನ್ನಿಗೆ ಸಿಗುತ್ತದೆ. ದೂರ ಜಾಸ್ತಿಯಾದರೂ ಸಮಯ, ಇಂಧನ ಉಳಿಯಬಹುದು. ಹಾಗಾಗಿ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ ಆಗುವುದುಂಟು.

ಇನ್ನೊಂದು ಮಾತು. ಧ್ರುವದ ಬಳಿ ವಿಮಾನ ನಿಮ್ಮ ಮೊಬೈಲ್‌ನಿಂದ ಸ್ವಲ್ಪ ಹೊತ್ತು ಮಾಯವಾಗಬಹುದು. ಅಲ್ಲಿ ನೆಲದ ಮೇಲೆ ಅದರ ಸಿಗ್ನಲ್ ಹಿಡಿಯುವ ಉಪಕರಣಗಳು ತೀರಾ ಕಡಿಮೆ, ಅಷ್ಟೇ.

ಮೇಷ್ಟ್ರುಗಳೇ, ಮೇಡಂಗಳೇ, ಶಾಲೆಯ ಬೀರುವಿನ ಮೇಲಿರುವ ಗ್ಲೋಬನ್ನು ಕೆಳಗಿಳಿಸಿ, ಧೂಳು ಒರೆಸಿ. ಮಕ್ಕಳ ಕೈಗೇ ದಾರ ಕೊಡಿ. ಲಂಡನ್, ದುಬೈ, ಸಿಡ್ನಿ, ಎಲ್ಲವನ್ನೂ ಅವರೇ ಅಳೆಯಲಿ.

ನಮಸ್ಕಾರ.